ಮಗಳ ಮನೆಯ ನೀರು

ಅಕ್ಕೋಳ
೧೨ ಜೂನ್ ೧೯೮೫

ಅಪ್ಪನವರ ಪಾದಗಳಿಗೆ ತಾರಾಳ ನಮಸ್ಕಾರ.

ನೀವು ನಿಪ್ಪಾಣಿಯ ಬಾಡಿಗೆ ಮನೆ ಖಾಲಿ ಮಾಡಿ ಶೇಡಬಾಳದ ಆಶ್ರಮ ಸೇರಿದ ಸುದ್ದಿಯನ್ನು ನಿಮ್ಮ ತಂಬಾಕಿನ ವಖಾರಿಯ ಹಮಾಲರ ಬಾಯಿಂದ ಕೇಳಬೇಕಾಯಿತು. ಇಪ್ಪತ್ತೈದು ವರ್ಷ ಅಲ್ಲಿ ಹಮಾಲರ ಮೇಲೆ ಮುಕಾದಮಗಿರಿ ಮಾಡಿ ಊರಿಗೆಲ್ಲ ಚೀಟಿ ಬರೆದುಕೊಟ್ಟವರು ನೀವು. ಇರುವವಳೊಬ್ಬಳೇ ಮಗಳು, ಅವಳಿಗೊಂದು ಕಾರ್ಡು ಬರೆಯಲು ಕೈ ನೋಯಿತೇ?

ಅವ್ವ ಹೋಗಿ ವರ್ಷ ತುಂಬಿಲ್ಲ. ಹೋದ ತಿಂಗಳು ನೀವು ಅಕ್ಕೋಳಕ್ಕೆ ಬಂದಾಗಲೇ ನನಗೆ ಅನುಮಾನ ಬಂದಿತ್ತು. ಅಂಗಳದ ಕಟ್ಟೆಯ ಮೇಲೆ ಕೂತಿರಿ. ಬಿಸಿಲಿಗೆ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ನಾನು ತಂಬಿಗೆ ತಂದರೆ "ಇರ್ಲಿ ಇಡವ್ವಾ, ನೀರಡಿಕಿ ಆಗಿಲ್ಲ" ಅಂದಿರಿ. ಆಮೇಲೆ ಸ್ಟ್ಯಾಂಡಿನ ಹೋಟೆಲಿನಲ್ಲಿ ಗಟಗಟ ನೀರು ಕುಡಿದದ್ದನ್ನು ನಿಮ್ಮ ಅಳಿಯ ಕಣ್ಣಾರೆ ಕಂಡು ಬಂದು ನನಗೆ ಹೇಳಿದರು. ಹೇಳಬಾರದಿತ್ತು, ಹೇಳಿದರು.

ಮಗಳಿಗೊಂದು ಮಗುವಾಗುವ ತನಕ ಅವಳ ಮನೆಯಲ್ಲಿ ತಂದೆ ಉಣ್ಣಬಾರದು, ನೀರು ಮುಟ್ಟಬಾರದು ಎಂಬ ರೀತಿ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಸುತ್ತಲಿನ ಎಷ್ಟೋ ಮನೆಗಳು ಅದನ್ನು ಬಿಟ್ಟಿವೆ. ನೀವೊಬ್ಬರೇ ಹಿಡಿದುಕೊಂಡು ಕೂತಿದ್ದೀರಿ. ನಿಮಗೊಬ್ಬ ಮಗನಿದ್ದರೆ ನೀವು ಆಶ್ರಮಕ್ಕೆ ಹೋಗುತ್ತಿರಲಿಲ್ಲ. ನನಗೊಂದು ಮಗುವಿದ್ದರೂ ಹೋಗುತ್ತಿರಲಿಲ್ಲ, ನಮ್ಮ ಪಡಸಾಲೆಯಲ್ಲೇ ಇರುತ್ತಿದ್ದಿರಿ. ಇದನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ.

ಪಕ್ಕದ ಮನೆಯ ಲಗಮವ್ವ ಕುರಿ ಹೊಡೆದುಕೊಂಡು ಹೋಗುತ್ತ ನಿಂತು ಕೇಳಿದಳು: "ಏನಬೇ ತಾರವ್ವಾ, ನಿಮ್ಮಪ್ಪಾರು ಯಾವ ಮಠಾ ಸೇರ್ಯಾರ? ಕಾವಿ ಉಟ್ಟಾರೇನ?" ಮಠ ಅಲ್ಲ, ಆಶ್ರಮ ಅಂದೆ. "ಎರಡೂ ಒಂದಽ ಅಲ್ಲೇನ? ಹೋದಾವರು ತಿರುಗಿ ಬರೂದಿಲ್ಲ" ಅಂದಳು. ಎರಡೂ ಒಂದೇ ಏನು? ನೀವೇ ಬರೆಯಿರಿ.

ನಿಮ್ಮ ಮಗಳು,
ತಾರಾ


ಶೇಡಬಾಳ
೩೦ ಜೂನ್ ೧೯೮೫

ಚಿ. ಸೌ. ತಾರಾಳಿಗೆ ಆಶೀರ್ವಾದ.

ನಿನ್ನ ಕಾಗದ ಓದುವಾಗ ನಿಮ್ಮವ್ವನೇ ಎದುರಿಗೆ ನಿಂತು ಬೈದ ಹಾಗಾಯಿತು. ತಾಯಿಯಂತೆ ಮಗಳು ಎಂದು ಸುಮ್ಮನೆ ಹೇಳಿಲ್ಲ.

ಲಗಮವ್ವನಿಗೆ ಹೇಳು, ಎರಡೂ ಒಂದೇ ಅಲ್ಲ. ಮಠ ಅಂದರೆ ಒಬ್ಬರು ಸ್ವಾಮಿಗಳು, ಒಂದು ಗದ್ದುಗೆ, ಅದಕ್ಕೆ ಹೊಲಮನೆ, ನಡೆದುಕೊಳ್ಳುವ ಭಕ್ತರು. ಸ್ವಾಮಿಗಳು ಹೋದರೂ ಗದ್ದುಗೆ ಉಳಿಯುತ್ತದೆ. ಅವಳು ಯಡೂರಿನ ಜಾತ್ರೆಗೆ ಹೋಗುವಾಗ ನೋಡಿರಬೇಕು, ಲಿಂಗ ಕಟ್ಟಿದವರ ಕೆಲವು ಮಠಗಳಲ್ಲಿ ಅಯ್ಯನವರು ಹೆಂಡತಿ ಮಕ್ಕಳೊಂದಿಗೇ ಇರುತ್ತಾರೆ, ಮಠ ಅಪ್ಪನಿಂದ ಮಗನಿಗೆ ಬರುತ್ತದೆ. ವಿರಕ್ತರ ಮಠದಲ್ಲಿ ಹಾಗಲ್ಲ, ಅಲ್ಲಿ ಸಂಸಾರಕ್ಕೆ ಜಾಗವಿಲ್ಲ. ನಮ್ಮ ಜೈನರಿಗೂ ನಾಂದಣಿಯಲ್ಲಿ ಮಠವಿದೆ, ಭಟ್ಟಾರಕ ಸ್ವಾಮಿಗಳದು. ನಾನಿರುವುದು ಇದ್ಯಾವುದೂ ಅಲ್ಲ. ಇಲ್ಲಿ ಗದ್ದುಗೆ ಇಲ್ಲ, ಸ್ವಾಮಿಗಳಿಲ್ಲ. ನನ್ನಂಥ ಮುದುಕರಿಗೆ ಸಾಲು ಕೋಣೆಗಳಿವೆ, ನಡುವೆ ಬಸದಿ ಇದೆ. ಗಂಟೆ ಬಾರಿಸಿದರೆ ಪೂಜೆ, ಇನ್ನೊಮ್ಮೆ ಬಾರಿಸಿದರೆ ಊಟ, ಸೂರ್ಯ ಮುಳುಗುವ ಮೊದಲೇ ಎಲ್ಲ ಮುಗಿಯಬೇಕು. ಬೇಸರವಾದ ದಿನ ಕೀಲಿ ಒಪ್ಪಿಸಿ ಹೊರಡಬಹುದು. ಯಾರೂ ಕೈ ಹಿಡಿಯುವುದಿಲ್ಲ.

ಸತ್ಯ ಹೇಳಬೇಕೆಂದರೆ, ವೈರಾಗ್ಯ ಬಂದು ಇಲ್ಲಿಗೆ ಬಂದವರು ಕಡಿಮೆ. ಸೊಸೆಯ ಬಾಯಿಗೆ ಅಂಜಿ ಬಂದವರು ಹೆಚ್ಚು. ನನ್ನ ಪಕ್ಕದ ಕೋಣೆಯ ಉಗಾರದ ಮಾಸ್ತರರು ಹಗಲೆಲ್ಲ ಮೋಕ್ಷದ ಮಾತಾಡುತ್ತಾರೆ, ಸಂಜೆಯಾದರೆ ಮೊಮ್ಮಗನ ಹೆಸರು ಹಿಡಿದು ಅಳುತ್ತಾರೆ.

ನೀರಿನ ವಿಷಯ. ನಾನು ಹಟಮಾರಿ ಎಂದು ನೀನು ತಿಳಿದಿದ್ದೀ. ಹಟವಲ್ಲ ಮಗಳೇ. ನಾನು ನಿನ್ನ ತಂಬಿಗೆಗೆ ಬಾಯಿ ಹಚ್ಚಿದ ದಿನ, ಇವಳಿಗೆ ಇನ್ನು ಮಗುವಾಗುವುದಿಲ್ಲ ಎಂದು ಹೆತ್ತಪ್ಪನೇ ಒಪ್ಪಿಕೊಂಡ ಹಾಗಾಗುತ್ತದೆ. ಊರು ಒಪ್ಪಲಿ, ಡಾಕ್ಟರು ಒಪ್ಪಲಿ, ನಾನು ಒಪ್ಪಲಾರೆ. ಅದಕ್ಕೇ ಹೋಟೆಲಿನ ನೀರು ಕುಡಿದೆ. ಅದು ಸಪ್ಪಗಿತ್ತು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಪ್ಪ,
ಅಣ್ಣಾಸಾಬ


ಅಕ್ಕೋಳ
೪ ನವೆಂಬರ್ ೧೯೮೬

ಅಪ್ಪನವರಿಗೆ ತಾರಾಳ ನಮಸ್ಕಾರ.

ದೀಪಾವಳಿಗೆ ನೀವು ಬರುವಿರೆಂದು ದಾರಿ ನೋಡಿದೆ. ಬರಲಿಲ್ಲ. ಬಂದರೂ ಕಟ್ಟೆಯ ಮೇಲೆ ಕೂತು ಹೋಗುವವರೇ, ಆದರೂ ದಾರಿ ನೋಡಿದೆ.

ನಿಮ್ಮ ಅಳಿಯನ ಜೊತೆ ಮಿರಜಕ್ಕೆ ಹೋಗಿ ಬಂದೆ. ಹೊಸ ಡಾಕ್ಟರು ಇನ್ನೂ ಆಸೆ ಬಿಡಬೇಡಿ ಅಂದರು. ಬರುವಾಗ ಬಸ್ಸಿನಲ್ಲಿ ಇವರು ನನಗೆ ಚಾಷ್ಟಿ ಮಾಡಿದರು: "ಕೂಸು ಹುಟ್ಟಿದ್ರ ಮೊದಲ ನಿಮ್ಮಪ್ಪಗ ತಾರ್ ಕಳಸೋಣು, 'ನೀರು ಕುಡ್ಯಾಕ ಬರ್ರಿ' ಅಂತ." ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ನಕ್ಕೆವು.

ನೀವು ಬಂದು ಪಂಕ್ತಿಯಲ್ಲಿ ಕೂತರೆ ಏನೇನು ಬಡಿಸಬೇಕೆಂದು ನಾನು ಈಗಲೇ ಗೊತ್ತು ಮಾಡಿ ಇಟ್ಟಿದ್ದೇನೆ. ಹೇಳುವುದಿಲ್ಲ.

ತಾರಾ


ಶೇಡಬಾಳ
೨೦ ಫೆಬ್ರವರಿ ೧೯೮೮

ಚಿ. ತಾರಾಳಿಗೆ ಅಪ್ಪನ ಆಶೀರ್ವಾದ.

ಅಕ್ಕೋಳದಿಂದ ಬಂದು ವಾರವಾಯಿತು. ಏನು ಬರೆಯಲಿ ಎಂದು ಕೂತವನು ಇವತ್ತು ಬರೆಯುತ್ತಿದ್ದೇನೆ.

ಕಾಮಾಲೆ ಅಷ್ಟು ಬೇಗ ಮನುಷ್ಯನನ್ನು ಒಯ್ಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಾಳಾಸಾಬ ಅಳಿಯನಲ್ಲ, ಮಗನಂತಿದ್ದ. ಅವನ ಹೆಗಲ ಮೇಲೆ ಹೋಗಬೇಕಾದವನು ನಾನು, ಅವನಿಗೆ ಹೆಗಲು ಕೊಟ್ಟು ಬಂದೆ.

ನಾನು ಇದ್ದ ದಿನಗಳಲ್ಲಿ ಓಣಿಯ ಸುಂದರಾಬಾಯಿಯ ಮನೆಯಲ್ಲಿ ಉಂಡೆ ಎಂದು ನಿನಗೆ ನೋವಾಗಿರಬೇಕು. ನೀನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈಗ ನಿನ್ನ ದಾರಿ. ಆ ಮನೆಯಲ್ಲಿ ಒಬ್ಬಳೇ ಹೇಗಿರುತ್ತೀ? ಇಲ್ಲಿ ಹೆಂಗಸರಿಗೆ ಜಾಗವಿಲ್ಲ. ಗಡಿಯಾಚೆ ಒಂದು ಶ್ರಾವಿಕಾಶ್ರಮವಿದೆ, ಹೆಣ್ಣುಮಕ್ಕಳದು. ವಿಧವೆಯರು, ಗಂಡ ಬಿಟ್ಟವರು, ಓದುವ ಹುಡುಗಿಯರು ಇರುತ್ತಾರೆ. ಮಾನದಿಂದ ನೋಡಿಕೊಳ್ಳುತ್ತಾರಂತೆ. ನಾನು ಮಾತಾಡಿ ಇಟ್ಟಿದ್ದೇನೆ. ಹೊಲವನ್ನು ಪಾಲಿಗೆ ಹಾಕಿ ಒಮ್ಮೆ ಹೋಗಿ ನೋಡು.

ನಿನ್ನ ಅಪ್ಪ,
ಅಣ್ಣಾಸಾಬ


ಅಕ್ಕೋಳ
೧೭ ಏಪ್ರಿಲ್ ೧೯೮೮

ಅಪ್ಪನವರಿಗೆ ತಾರಾಳ ನಮಸ್ಕಾರ.

ಕಾಗದದ ತಲೆಯಲ್ಲಿ ನನ್ನ ಹೆಸರಿನ ಹಿಂದೆ 'ಸೌ.' ಇಲ್ಲದ್ದನ್ನು ನೋಡಿದೆ. ನೀವು ಬರೆದದ್ದು ಸರಿಯೇ. ಆದರೂ ಎಲ್ಲರಿಗಿಂತ ಮೊದಲು ಅದನ್ನು ಬಿಟ್ಟವರು ನೀವಾದಿರಿ.

ನೀವು ಹೇಳಿದಿರೆಂದು ಶ್ರಾವಿಕಾಶ್ರಮಕ್ಕೆ ಹೋಗಿ ಎಂಟು ದಿನ ಇದ್ದು ಬಂದೆ. ಕೆಟ್ಟದ್ದೇನೂ ಇಲ್ಲ. ಅಂಗಳ ಕನ್ನಡಿಯಂತೆ ಸ್ವಚ್ಛ. ದೊಡ್ಡಕ್ಕನವರು ನಗುನಗುತ್ತ ಮಾತಾಡಿಸಿದರು. ಹುಡುಗಿಯರು ಹೊಲಿಗೆ ಕಲಿಯುತ್ತಾರೆ, ನನ್ನಂಥವರು ಬಿಳಿ ಸೀರೆ ಉಟ್ಟು ಕಾಳು ಆರಿಸುತ್ತಾರೆ. ನಿಮ್ಮ ಆಶ್ರಮಕ್ಕೆ ಮುದುಕರು ಎಲ್ಲ ಮುಗಿಸಿ ಬರುತ್ತಾರೆ. ಅಲ್ಲಿಗೆ ಏನೂ ಸುರುವಾಗದವರು ಬರುತ್ತಾರೆ, ನನಗೆ ಕಂಡ ಭೇದ ಇದು. ರಾತ್ರಿ ಸಾಲಾಗಿ ಮಲಗಿದಾಗ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ, ಎಲ್ಲರೂ ಎಚ್ಚರವಾಗಿರುತ್ತಾರೆ.

ಅಡಿಗೆಯ ಪಾಳಿ ತಿಂಗಳಿಗೊಮ್ಮೆ ಬರುತ್ತದೆ. ಒಲೆ ಎಲ್ಲರದು, ಅಂದರೆ ಯಾರದೂ ಅಲ್ಲ. ನೀವು ನನ್ನನ್ನು ನೋಡಲು ಬಂದರೆ ಹೊರಗಿನ ಕಟ್ಟೆಯಲ್ಲಿ ಕೂರಿಸಿ ಕರೆಸುತ್ತಾರೆ. ಕಟ್ಟೆ ನಮ್ಮ ಮನೆಗೂ ಇದೆ. ಅದಕ್ಕೇ ಗಂಟು ಕಟ್ಟಿಕೊಂಡು ತಿರುಗಿ ಬಂದೆ.

ಅಪ್ಪಾ, ಬಿಚ್ಚಿ ಹೇಳುತ್ತೇನೆ. ಇನ್ನು ನನಗೆ ಮಗುವಾಗುವುದಿಲ್ಲ. ಈಗ ಅದನ್ನು ನೀವು ಒಪ್ಪಿಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. ಹಾಗಿದ್ದ ಮೇಲೆ ಆ ರೀತಿ ಯಾರಿಗಾಗಿ? ಬಂದು ನನ್ನ ಮನೆಯಲ್ಲಿ ಇರಿ. ಇರಲಾರದಿದ್ದರೆ ಒಂದು ದಿನ ಬಂದು ಉಂಡು ಹೋಗಿ. ಒಬ್ಬಳಿಗೆ ಒಲೆ ಹಚ್ಚಲು ಮನಸ್ಸು ಬರುವುದಿಲ್ಲ. ಒಂದು ದಿನ ರೊಟ್ಟಿ ಬಡಿದರೆ ಮೂರು ದಿನ ಅದನ್ನೇ ಮುರಿದು ನಿಂತಲ್ಲೇ ತಿನ್ನುತ್ತೇನೆ.

ಉತ್ತರ ಬರೆಯಿರಿ.

ತಾರಾ


ತ್ಯಾಗಿ ನಿವಾಸ, ರಾಯಬಾಗ ತಾಲೂಕು
೩ ಮಾರ್ಚ್ ೧೯೮೯

ಚಿ. ತಾರಾಳಿಗೆ ಆಶೀರ್ವಾದ.

ನೀನು ಕೇಳಿದ್ದಕ್ಕೆ ವರ್ಷವಾಗುತ್ತ ಬಂದರೂ ಉತ್ತರ ಬರೆಯಲಿಲ್ಲ. ನಡುವೆ ಎರಡು ಸಲ ಬಸ್ ಹತ್ತಿ ಚಿಕ್ಕೋಡಿಯ ತನಕ ಬಂದೆ. ಅಲ್ಲಿಂದ ತಿರುಗಿ ಹೋದೆ. ಬಂದು ಉಂಡಿದ್ದರೆ ನೀನು ಬಡಿಸುತ್ತ ಅಳುತ್ತಿದ್ದೆ, ನಾನು ಉಣ್ಣುತ್ತ ಅಳುತ್ತಿದ್ದೆ. ಅದು ಊಟವಲ್ಲ, ಸೂತಕ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗೆ ಧೈರ್ಯ ಸಾಲಲಿಲ್ಲ.

ಶೇಡಬಾಳ ಬಿಟ್ಟು ಇಲ್ಲಿಗೆ ಬಂದಿದ್ದೇನೆ. ಬಸದಿಯ ಪಕ್ಕದಲ್ಲಿ ಎರಡು ಕೋಣೆ, ನಡೆದು ಬರುವ ಮುನಿಗಳು ತಂಗುವ ಜಾಗ. ಆಶ್ರಮದಲ್ಲಿ ಕೋಣೆಗೆ ಕೀಲಿಯಿತ್ತು, ಕೀಲಿ ನನ್ನ ಉಡಿದಾರದಲ್ಲಿತ್ತು. ಇಲ್ಲಿ ಬಾಗಿಲಿಗೆ ಕೊಂಡಿಯೂ ಇಲ್ಲ. ಒಂದು ಮರದ ಹಲಗೆ, ಒಂದು ಚಾಪೆ. ಇದು ಯಾರ ಮನೆಯೂ ಅಲ್ಲ. ಬಂದವರು ನಾಳೆ ಹೊರಡುವವರು ಎಂದುಕೊಂಡೇ ಬರುತ್ತಾರೆ. ನಾನು ಬ್ರಹ್ಮಚಾರಿಯ ವ್ರತ ಹಿಡಿದು ಅವರ ಸೇವೆ ಮಾಡಿಕೊಂಡಿದ್ದೇನೆ. ಮೊದಲು ಆಶ್ರಮದಲ್ಲಿ ಇದ್ದದ್ದು ಹೋಗುವ ಜಾಗ ಇಲ್ಲದೆ. ಈಗ ಹಾಗಲ್ಲ. ಇಲ್ಲಿ ನಿದ್ದೆ ಬರುತ್ತದೆ.

ನಾನು ಮುನಿದೀಕ್ಷೆ ಕೇಳಿದ್ದೇನೆ. ಆಚಾರ್ಯರು ಒಂದು ಮಾತು ಹೇಳಿದರು: "ಮನ್ಯಾವ್ರ ಅಪ್ಪಣಿ ತರ್ರಿ. ಅಪ್ಪಣಿ ಇಲ್ಲದ ದೀಕ್ಷಾ ಕೊಡೂದಿಲ್ಲ." ನನಗೆ ಮನೆಯವರು ಎಂದರೆ ನೀನೊಬ್ಬಳೇ. ಜನರ ಮುಂದೆ ನಿಂತು ಹೂಂ ಅನ್ನಬೇಕು. ಅಂದ ಮೇಲೆ ನಾನು ಯಾರ ಅಪ್ಪನೂ ಅಲ್ಲ.

ಬೇಡ ಎಂದರೆ ಬಿಡುತ್ತೇನೆ. ಸಿಟ್ಟಿನಿಂದ ಹೇಳುತ್ತಿಲ್ಲ.

ಅಣ್ಣಾಸಾಬ


ಅಕ್ಕೋಳ
೯ ಸೆಪ್ಟೆಂಬರ್ ೧೯೯೦

ಅಪ್ಪನವರಿಗೆ ತಾರಾಳ ನಮಸ್ಕಾರ.

ನೀವು ಬರೆದ ಮೂರು ಕಾರ್ಡುಗಳೂ ಬಂದಿವೆ. ಸತ್ತಿಲ್ಲ, ಇದ್ದೇನೆ. ಬೇಡ ಎಂದು ಬರೆಯಲು ಕೂತಾಗಲೆಲ್ಲ ನಿಮ್ಮ 'ಇಲ್ಲಿ ನಿದ್ದೆ ಬರುತ್ತದೆ' ಎಂಬ ಮಾತು ಅಡ್ಡ ಬಂತು. ಹೂಂ ಎಂದು ಬರೆಯಲು ಕೂತರೆ ಕೈ ಏಳಲಿಲ್ಲ.

ಮಳೆಗಾಲಕ್ಕೆ ಮೊದಲು ನಮ್ಮೂರಿಗೆ ಒಬ್ಬ ಮುನಿಗಳು ಬಂದಿದ್ದರು. ಸುಂದರಾಬಾಯಿಯ ಮನೆಯಲ್ಲಿ ಅವರಿಗೆ ಆಹಾರವಾಯಿತು. ನಾನೂ ಹೋಗಿ ನಿಂತಿದ್ದೆ. ನೋಡುತ್ತ ನೋಡುತ್ತ ಒಂದು ವಿಚಾರ ಬಂತು. ಸುಂದರಾಬಾಯಿಗೂ ಮಕ್ಕಳಿಲ್ಲ. ಆದರೂ ಮುನಿಗಳು ಅವಳ ಕೈಯ ಅನ್ನ ತೆಗೆದುಕೊಂಡರು. ಮಕ್ಕಳಿವೆಯೇ ಎಂದು ಕೇಳಲೇ ಇಲ್ಲ.

ನನ್ನದೊಂದೇ ಪ್ರಶ್ನೆ. ನೀವು ಮುನಿಗಳಾದರೆ ಮಗಳ ಮನೆಯಲ್ಲಿ ಉಣ್ಣಬಾರದು ಎಂಬ ರೀತಿ ನಿಮ್ಮನ್ನು ಕಟ್ಟುತ್ತದೆಯೇ?

ನೇರವಾಗಿ ಬರೆಯಿರಿ. ಸುತ್ತಿ ಬಳಸಿ ಬರೆಯಬೇಡಿ.

ತಾರಾ


ತ್ಯಾಗಿ ನಿವಾಸ, ರಾಯಬಾಗ ತಾಲೂಕು
೨ ಅಕ್ಟೋಬರ್ ೧೯೯೦

ಚಿ. ತಾರಾಳಿಗೆ ಆಶೀರ್ವಾದ.

ಕಟ್ಟುವುದಿಲ್ಲ. ಮುನಿಗೆ ಮಗಳಿಲ್ಲ, ಆದ್ದರಿಂದ ಮಗಳ ಮನೆಯೂ ಇಲ್ಲ. ಇರುವುದು ಶ್ರಾವಕ ಗೃಹಸ್ಥರ ಮನೆಗಳು. ಶುದ್ಧವಾಗಿ ನಿಂತು ಕರೆದವರ ಮನೆಗೆ, ಆ ಬೆಳಿಗ್ಗೆ ತಾನು ಮನಸ್ಸಿನಲ್ಲೇ ಹಿಡಿದ ನೇಮ ಕೂಡಿಬಂದರೆ, ಒಳಗೆ ಬರಬಹುದು. ಇದೇ ನೇರ ಉತ್ತರ.

ಆದರೆ ಇದನ್ನೂ ತಿಳಿದುಕೋ. ಮಠಕ್ಕೆ ಗದ್ದುಗೆಯಿದೆ, ಆಶ್ರಮಕ್ಕೆ ಕೋಣೆಯಿದೆ, ಈ ನಿವಾಸಕ್ಕೆ ಹಲಗೆಯಾದರೂ ಇದೆ. ಮುನಿಗಳ ಸಂಘಕ್ಕೆ ಏನೂ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಒಂದೂರಲ್ಲಿ ನಿಲ್ಲುತ್ತದೆ, ಉಳಿದ ದಿನ ನಡೆಯುತ್ತದೆ. ನನಗೆ ವಿಳಾಸ ಇರುವುದಿಲ್ಲ. ನಾನು ಕಾಗದ ಬರೆಯುವುದಿಲ್ಲ. ಸಂಘದ ಜೊತೆ ಧರಣೇಂದ್ರ ಎಂಬ ಬ್ರಹ್ಮಚಾರಿ ಇದ್ದಾನೆ, ಚಿಕ್ಕ ವಯಸ್ಸು, ಒಳ್ಳೆಯವ. ಬಂದ ಪತ್ರಗಳನ್ನು ಅವನೇ ಓದಿ ಹೇಳುತ್ತಾನೆ. ಬರೆಯುವುದಿದ್ದರೆ ಅವನಿಗೆ ಬರೆ, ಅವನ ಊರಾದ ಕಾಗವಾಡದ ವಿಳಾಸಕ್ಕೆ ಹಾಕಿದರೆ ಅವನಿಗೆ ಮುಟ್ಟುತ್ತದೆ.

ನೀನು ಯಾಕೆ ಕೇಳಿದೆ ಎಂದು ನನಗೆ ಗೊತ್ತು. ಗೊತ್ತಿಲ್ಲದವನಂತೆ ಇರುತ್ತೇನೆ. ಹೂಂ ಅನ್ನಲು ನೀನು ಬರುವುದಾದರೆ ಕಾರ್ತಿಕ ಕಳೆದ ಮೇಲೆ ಬಾ. ನಿನ್ನನ್ನು ಮಗಳೇ ಎಂದು ಕರೆದು ಬರೆಯುವ ಕಾಗದ ಇದು ಕೊನೆಯದು. ಹೊಟ್ಟೆತುಂಬ ಉಣ್ಣು, ಮಗಳೇ. ಒಬ್ಬಳೇ ಎಂದು ಬಿಡಬೇಡ.

ಇನ್ನು ಕೆಲವು ದಿನ ನಿನ್ನ ಅಪ್ಪ,
ಅಣ್ಣಾಸಾಬ


ಅಕ್ಕೋಳ
೨೮ ನವೆಂಬರ್ ೧೯೯೧

ಬ್ರಹ್ಮಚಾರಿ ಧರಣೇಂದ್ರ ಅವರಿಗೆ ಅಕ್ಕೋಳದ ತಾರವ್ವನ ನಮಸ್ಕಾರ.

ಹೋದ ವರ್ಷ ದೀಕ್ಷೆಯ ದಿನ ಜನರ ಮುಂದೆ ಹೂಂ ಅಂದವಳು ನಾನೇ. ಧ್ವನಿ ಹೊರಡದಿದ್ದಾಗ ನೀವು ನೀರು ತಂದುಕೊಟ್ಟಿರಿ, ನಿಮಗೆ ನೆನಪಿರಬಹುದು. ಈಗ ಅಪ್ಪ ಅನ್ನುವಂತಿಲ್ಲ, ಮಹಾರಾಜರು ಅನ್ನಬೇಕು; ಅವರ ಹೊಸ ಹೆಸರು ಬರೆಯಲು ಇನ್ನೂ ನನ್ನ ಕೈ ಹೊಂದಿಲ್ಲ, ಕ್ಷಮಿಸಿ.

ಸಂಘವು ಅಥಣಿ ಕಡೆಯ ಚಾತುರ್ಮಾಸ ಮುಗಿಸಿ ರಾಯಬಾಗ, ಚಿಕ್ಕೋಡಿಯ ಮೇಲೆ ನಿಪ್ಪಾಣಿಗೆ ನಡೆದು ಹೊರಟಿದೆ, ದಾರಿಯಲ್ಲಿ ಅಕ್ಕೋಳದ ಬಸದಿಯಲ್ಲಿ ತಂಗುತ್ತದೆ ಎಂದು ಊರಲ್ಲಿ ಸುದ್ದಿಯಾಗಿದೆ. ಅದನ್ನು ಕೇಳಿದಾಗಿನಿಂದ ನನ್ನ ಕಾಲು ನೆಲಕ್ಕೆ ಹತ್ತಿಲ್ಲ. ಮನೆ ಸುಣ್ಣ ಬಳಿಸಿದೆ. ಹೊಸ ಹಗ್ಗ ತಂದು ಬಾವಿಗೆ ಹಾಕಿದೆ.

ಮಹಾರಾಜರಿಗೆ ತಿಳಿಸಿರಿ: ಅವರಿಗಾಗಿಯೇ ಹೊಲದ ಗೋದಿ ಬೇರೆ ತೆಗೆದಿಟ್ಟು ಕೈಯಿಂದ ಬೀಸಿದ್ದೇನೆ. ಅವರಿಗೆ ಸೇರುತ್ತಿದ್ದ ಹೂರಣದ ಹೋಳಿಗೆ ಮಾಡುತ್ತೇನೆ, ನಮ್ಮವ್ವ ಮಾಡುತ್ತಿದ್ದ ಹಾಗೆ ಏಲಕ್ಕಿ ಜಾಸ್ತಿ ಹಾಕಿ. ಅವರಿಗಾಗಿ ಒಂದು ಎಮ್ಮೆಯ ಹಾಲು ಯಾರಿಗೂ ಕೊಡದೆ ಇಡುತ್ತೇನೆ. ಇಷ್ಟು ವರ್ಷ ಈ ಒಂದು ದಿನಕ್ಕಾಗಿ ಕಾದಿದ್ದೇನೆ. ನಮ್ಮ ಮನೆ ಬಸದಿಯಿಂದ ಬರುವಾಗ ಎಡಗಡೆ, ನೀಲಿ ಬಾಗಿಲು. ತಪ್ಪಬಾರದೆಂದು ಬರೆದೆ.

ತಾರವ್ವ


ಅಕ್ಕೋಳ
೧೫ ಡಿಸೆಂಬರ್ ೧೯೯೧

ಬ್ರಹ್ಮಚಾರಿ ಧರಣೇಂದ್ರ ಅವರಿಗೆ,

ಕಲಶ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ನಮೋಸ್ತು, ನಮೋಸ್ತು" ಎಂದು ಗಂಟಲು ಹರಿಯುವಂತೆ ಕರೆದೆ. ನನ್ನ ಮನೆಯ ಮುಂದೆ ಬಂದು ಮಹಾರಾಜರ ಹೆಜ್ಜೆ ಸಣ್ಣದಾಯಿತು. ಆಮೇಲೆ ಮುಂದೆ ಹೋದರು.

ನಾನು ಬಾಗಿಲು ಹಾಕಿಕೊಂಡೆ. ನಿಮ್ಮ ಸಂಘ ಊರು ಬಿಟ್ಟು ಹೋಗುವ ತನಕ ತೆಗೆಯಲಿಲ್ಲ. ಹೋಳಿಗೆಯನ್ನು ಲಗಮವ್ವನ ಮನೆಗೆ ಕಳಿಸಿದೆ.

ಒಂದು ಮಾತು ಮಹಾರಾಜರನ್ನು ಕೇಳಿ ತಿಳಿಸಿರಿ. ಬಂಜೆಯ ಮನೆಯ ಅನ್ನ ಮುನಿಗಳಿಗೂ ನಡೆಯುವುದಿಲ್ಲವೇ? ಇದನ್ನು ಮೊದಲೇ ಹೇಳಿದ್ದರೆ ನಾನು ಹೂಂ ಅನ್ನುತ್ತಿರಲಿಲ್ಲ. ಅಪ್ಪನನ್ನು ಇಟ್ಟುಕೊಳ್ಳುತ್ತಿದ್ದೆ.

ತಾರವ್ವ


ನಿಪ್ಪಾಣಿ ಬಿಟ್ಟು ಮುಂದೆ, ದಾರಿಯ ಮೇಲೆ
೬ ಜನವರಿ ೧೯೯೨

ತಾರಕ್ಕನವರಿಗೆ ಧರಣೇಂದ್ರನ ನಮಸ್ಕಾರ.

ನಿಮ್ಮ ಕಾರ್ಡನ್ನು ಮಹಾರಾಜರಿಗೆ ಓದಿ ಹೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ತಪ್ಪು ನಿಮ್ಮ ಮನೆಯದಲ್ಲ, ನನ್ನದು ಮತ್ತು ನಿಮ್ಮ ಮೊದಲಿನ ಕಾಗದದ್ದು.

ಆ ಕಾಗದ ರಾಯಬಾಗದಲ್ಲಿ ಕೈಗೆ ಬಂತು. ಎಲ್ಲ ಪತ್ರ ಓದುವ ಹಾಗೆ ಅದನ್ನೂ ಓದಿದೆ. 'ಅವರಿಗಾಗಿಯೇ ಗೋದಿ, ಅವರಿಗಾಗಿ ಹೋಳಿಗೆ, ಅವರಿಗಾಗಿ ಹಾಲು' ಎಂದು ಪೂರ್ತಿ ಓದಿದೆ. ಓದುವಾಗ ನನಗೆ ಹೊಳೆಯಲಿಲ್ಲ, ಓದಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕಾ, ತನಗೆಂದೇ ಮಾಡಿದ ಅಡಿಗೆ ಎಂದು ಗೊತ್ತಾದರೆ ಮುನಿಗಳು ಅದನ್ನು ಮುಟ್ಟುವಂತಿಲ್ಲ. ಮನೆಯವರು ತಮಗಾಗಿ ಮಾಡಿಕೊಂಡ ಅಡಿಗೆಯಲ್ಲಿ ಪಾಲು ತೆಗೆದುಕೊಳ್ಳಬೇಕು. ಯಾರ ಮನೆಗೂ ಭಾರವಾಗಬಾರದು, ಯಾರ ಮೋಹಕ್ಕೂ ಸಿಗಬಾರದು ಎಂದು ಹಿರಿಯರು ಮಾಡಿದ ಕಟ್ಟು. ಎಲ್ಲರೂ ಮುನಿಗಳು ಬರುವ ದಿನ ಒಂದಿಷ್ಟು ಹೆಚ್ಚಿಗೆ ಮಾಡುವವರೇ, ಆದರೆ ಹಾಗೆಂದು ಬರೆದು ಕಳಿಸುವುದಿಲ್ಲ. ನೀವು ಬರೆದಿರಿ.

ಮಹಾರಾಜರು ಕಾಗದವನ್ನು ಕೊನೆಯವರೆಗೆ ಕೇಳಿದರು. ಅಕ್ಕೋಳ ಬರುವ ತನಕ ಎಲ್ಲರಿಗಿಂತ ಹಿಂದೆ ನಡೆದರು.

ಇನ್ನೊಂದು ಸಂಗತಿ ಬರೆಯಬೇಕೋ ಬೇಡವೋ ತಿಳಿಯದೆ ಇಷ್ಟು ದಿನ ತಡೆದೆ. ನೀವು ಬಾಗಿಲು ಹಾಕಿಕೊಂಡ ಮೇಲೆ ಆ ಓಣಿಯಲ್ಲಿ ಇನ್ನೂ ನಾಲ್ಕಾರು ಮನೆಯವರು ಕರೆದರು. ಅವರು ಯಾರ ಮನೆಯ ಮುಂದೆಯೂ ನಿಲ್ಲಲಿಲ್ಲ. ಬಸದಿಗೆ ತಿರುಗಿ ಬಂದು ಕೂತರು. ಆ ದಿನ ಅವರಿಗೆ ಅನ್ನವೂ ಆಗಲಿಲ್ಲ, ನೀರೂ ಆಗಲಿಲ್ಲ. ಮರುದಿನ ಹಾಗೆಯೇ ನಡೆದರು.

ಅಕ್ಕಾ, ನೀವು ದಿನಾ ಏನು ಉಣ್ಣುತ್ತೀರಿ? ಅದನ್ನೇ ಚೆನ್ನಾಗಿ ಮಾಡಿಕೊಳ್ಳಿ. ಸಂಘ ಎಂದಾದರೂ ಆ ದಾರಿಯಲ್ಲಿ ಬಂದರೆ ನನಗೆ ಏನೂ ಬರೆಯಬೇಡಿ.

ಧರಣೇಂದ್ರ


ಅಕ್ಕೋಳ
೨೧ ಫೆಬ್ರವರಿ ೧೯೯೪

ತಮ್ಮ ಧರಣೇಂದ್ರನಿಗೆ ತಾರಕ್ಕನ ನಮಸ್ಕಾರ.

ನೀನು ಹೇಳಿದ ಹಾಗೆ ಎರಡು ವರ್ಷ ಏನೂ ಬರೆಯಲಿಲ್ಲ. ಈಗ ಬರೆಯಬಹುದು ಎಂದುಕೊಂಡಿದ್ದೇನೆ.

ನಿನ್ನ ಕಾಗದ ಬಂದ ದಿನ ಒಲೆ ಹಚ್ಚಿದೆ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಮೊದಮೊದಲು ನಾಟಕದ ಹಾಗಿತ್ತು. ನನಗಾಗಿ ಎಂದು ಬೇಳೆ ಬೇಯಿಸುತ್ತಿದ್ದೆ, ಮನಸ್ಸು ಮಾತ್ರ ಬಾಗಿಲ ಕಡೆಗೇ ಇರುತ್ತಿತ್ತು. ನಮ್ಮ ಓಣಿಯ ಸುಂದರಾಬಾಯಿ ಅಂದಳು: "ಒಬ್ಬಾಕಿಗೆ ಇಷ್ಟ್ಯಾಕವಾ ಉಸಾಬರಿ?" ನಾನಂದೆ: "ಆ ಒಬ್ಬಾಕಿಗೂ ಹೊಟ್ಟಿ ಐತಲ್ಲಬೇ." ಹೇಳುತ್ತ ಹೇಳುತ್ತ ಅದು ನಿಜವೇ ಆಯಿತು. ಕೂತು ಉಣ್ಣುವುದನ್ನು ಕಲಿತೆ. ಗಂಡ ಹೋದ ಮೇಲೆ ನನಗೆ ನಾನು ಬಡಿಸಿಕೊಂಡದ್ದು ಅದೇ ಮೊದಲು.

ಹೋದ ವಾರ ಸಂಘ ನಮ್ಮೂರಿಗೆ ಬಂದಾಗ ನೀನು ಜ್ವರ ಬಂದು ನಿಪ್ಪಾಣಿಯಲ್ಲೇ ಉಳಿದೆಯಂತೆ, ಅದಕ್ಕೆ ನೀನು ಕಾಣದ್ದನ್ನು ಬರೆಯುತ್ತಿದ್ದೇನೆ. ಆ ಬೆಳಿಗ್ಗೆ ನಾನು ಮಾಡಿದ್ದು ಜೋಳದ ರೊಟ್ಟಿ, ಹೀರೆಕಾಯಿ ಪಲ್ಯ, ತೊಗರಿಬೇಳೆ, ಸ್ವಲ್ಪ ಅನ್ನ. ಹಾಲಿತ್ತು. ಹಿಂದಿನ ದಿನವೂ ಅದೇ, ಅದರ ಹಿಂದಿನ ದಿನವೂ ಹೆಚ್ಚುಕಡಿಮೆ ಅದೇ. ಸುಂದರಾಬಾಯಿಯನ್ನು ಜೊತೆಗೆ ಕರೆದುಕೊಂಡು ಕಲಶ ಹಿಡಿದು ಬಾಗಿಲಿಗೆ ಬಂದೆ. ಬರುತ್ತಾರೆಂದೂ ಅಂದುಕೊಳ್ಳಲಿಲ್ಲ, ಬರುವುದಿಲ್ಲವೆಂದೂ ಅಂದುಕೊಳ್ಳಲಿಲ್ಲ.

ನಿಂತರು. ನಾನು ಕರೆದದ್ದೂ ನನಗೆ ಕೇಳಿಸಲಿಲ್ಲ, ಅವರು ನಿಂತದ್ದೇ ಕಂಡಿತು. ಸುಂದರಾಬಾಯಿ ಬೆನ್ನಿಗೆ ತಿವಿದು "ಪ್ರದಕ್ಷಿಣಿ ಹಾಕಬೇ" ಎಂದಾಗ ಕಾಲು ಎತ್ತಿದೆ. ಕಣ್ಣೆತ್ತಿ ನೋಡಲಿಲ್ಲ, ಪಾದಗಳನ್ನಷ್ಟೇ ನೋಡಿದೆ. ಬಿರಿದಿದ್ದವು. ಒಳಗೆ ಕರೆದು ಪಾದ ತೊಳೆದೆ. ಹಲಗೆಯ ಮೇಲೆ ನಿಂತು ಎರಡೂ ಅಂಗೈ ಜೋಡಿಸಿ ಒಡ್ಡಿದರು. ಎಲ್ಲಕ್ಕೂ ಮೊದಲು ಕೊಡುವುದು ನೀರಲ್ಲವೇ? ಕಾಯಿಸಿ ಸೋಸಿದ ನಮ್ಮ ಬಾವಿಯ ನೀರು. ಸುರಿದೆ. ಕುಡಿದರು. ಮತ್ತೆ ಸುರಿದೆ, ಮತ್ತೆ ಕುಡಿದರು.

ಅಳುವ ಧ್ವನಿ ಕೇಳಿದರೂ ಮುನಿಗಳು ಅಲ್ಲಿಗೇ ಕೈ ಬಿಟ್ಟು ಊಟ ನಿಲ್ಲಿಸುತ್ತಾರೆ, ಆಮೇಲೆ ಮರುದಿನದ ತನಕ ಏನೂ ಇಲ್ಲ ಎಂದು ನನಗೆ ಗೊತ್ತಿತ್ತು. ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ರೊಟ್ಟಿ ಮುರಿದು ಮುರಿದು ಇಟ್ಟೆ. ಬೆಲ್ಲ ತಂದಾಗ ಬೆರಳು ಮುಚ್ಚಿದರು, ಸಿಹಿ ಬಿಟ್ಟಿದ್ದಾರೆಂದು ತಿಳಿಯಿತು. ಪಲ್ಯಕ್ಕೆ ಮುಚ್ಚಲಿಲ್ಲ. ಒಂದು ತುತ್ತೂ ಕೆಳಗೆ ಬೀಳದಂತೆ ಉಂಡು, ಕೈ ತೊಳೆದು, ಆಶೀರ್ವಾದ ಮಾಡಿ ಹೋದರು. ತಿರುಗಿ ನೋಡಲಿಲ್ಲ. ನೋಡಬಾರದು. ಅವರು ಓಣಿ ದಾಟುವ ತನಕ ಬಾಗಿಲಲ್ಲೇ ಇದ್ದು, ಒಳಗೆ ಬಂದು ಅದೇ ರೊಟ್ಟಿ ಪಲ್ಯವನ್ನು ನಾನೂ ಕೂತು ಉಂಡೆ. ಅಳು ಆಮೇಲೆ ಬಂತು.

ಈಗ ನಿನಗೆ ಮಾತ್ರ ಹೇಳುವ ಮಾತು. ಅನ್ನ ಕೊಡುವ ಮೊದಲು ಮನಶ್ಶುದ್ಧಿ, ವಚನಶುದ್ಧಿ, ಕಾಯಶುದ್ಧಿ ಎಂದು ಹೇಳಬೇಕಲ್ಲ, ಹೇಳಿದೆ. ಮೈ ಶುದ್ಧವಿತ್ತು. ಅಡಿಗೆ ಶುದ್ಧವಿತ್ತು, ನನಗಾಗಿಯೇ ಮಾಡಿಕೊಂಡದ್ದು. ಮನಸ್ಸು ಶುದ್ಧ ಅಂದದ್ದು ಸುಳ್ಳು. ಮನೆಗೆ ಬಂದವರು ಮುನಿಗಳು ಎಂದು ಒಂದು ಗಳಿಗೆಯೂ ನನಗೆ ಅನಿಸಲಿಲ್ಲ. ನಮ್ಮಪ್ಪ ನನ್ನ ಮನೆಯಲ್ಲಿ ನೀರು ಕುಡಿಯುತ್ತಿದ್ದಾನೆ ಎಂದೇ ಸುರಿದೆ.

ಇದಕ್ಕೆ ಏನು ಪ್ರಾಯಶ್ಚಿತ್ತವೋ ನನಗೆ ಬರೆದು ತಿಳಿಸು, ಮಾಡುತ್ತೇನೆ. ಈ ಕಾಗದವನ್ನು ಅವರಿಗೆ ಓದಿ ಹೇಳಬೇಡ.

ಅಣ್ಣಾಸಾಬರ ಮಗಳು,
ತಾರವ್ವ